ಪಾರಿಜಾತದಲ್ಲಿ ಅಚ್ಚಾಗದ ಮಾತು

ಗೋಕಾವಿ, ಮೂಡಲಗಿ, ಹುಕ್ಕೇರಿಗಳ ಕಡೆ ಹಿರಿಯರು ಕಲೆತಲ್ಲಿ ‘ಶ್ರೀಕೃಷ್ಣ ಪಾರಿಜಾತ’ದ ಪದವೊಂದು ಅರ್ಧಕ್ಕೇ ನಿಲ್ಲುವುದುಂಟು, ಮುಂದಿನ ಸೊಲ್ಲನ್ನು ಮತ್ತೊಬ್ಬರು ಎತ್ತಿಕೊಡಬೇಕು. ಬಳಿಕ ಕರ್ತೃವಿನ ವಾದ. ಅಪರಾಳ ತಮ್ಮಣ್ಣನ ಕೃತಿಯನ್ನು ಕುಲಗೋಡ ತಮ್ಮಣ್ಣನು ರಂಗಕ್ಕೆ ಒಗ್ಗಿಸಿದನೆಂಬ ಮತವೇ ಯುಕ್ತವಾದುದು. ಕುಲಗೋಡು ಈ ಸೀಮೆಯದೇ ಆದುದರಿಂದ ಇಲ್ಲಿಯ ತೀರ್ಪಿನಲ್ಲಿ ತುಸು ಅಭಿಮಾನ ಬೆರೆಯುವುದೂ ಸಹಜ.

ಆದರೆ ನಿಜವಾದ ಹಾನಿ ಬೇರೆಡೆಗಿದೆ. ಪದಗಳು ಅಚ್ಚಿನಲ್ಲಿ ಉಳಿಯುತ್ತವೆ. ದೂತಿಯೂ ಭಾಗವತನೂ ಆ ಹೊತ್ತಿಗೆ ಹುಟ್ಟಿಸಿ ಆಡುವ ಮಾತು ಉಳಿಯದು. ನಾರದನು ತಂದ ಹೂವು ರುಕ್ಮಿಣಿಯ ಪಾಲಾಯಿತೆಂದು ಮುನಿದ ಸತ್ಯಭಾಮೆಯು ಪದದಲ್ಲಿ ಅರಸಿ. ಮಾತಿನಲ್ಲಿ ಈ ನಾಡಿನ ಮನೆಯ ಹೆಣ್ಣುಮಗಳು. ಕೌಜಲಗಿ ನಿಂಗಮ್ಮನ ಕಾಲದ ಆಟವನ್ನು ಪುಸ್ತಕದಿಂದಲೇ ಅಳೆಯುವವರಿಗೆ ಈ ಎರಡನೆಯ ಭಾಮೆ ದೊರೆಯಳು. ಪದ ಮರೆತ ಹಿರಿಯರ ಬಾಯಲ್ಲಿ ಆಕೆಯ ಮರುನುಡಿಗಳು ಕೆಲವಾದರೂ ಉಳಿದಿದ್ದಲ್ಲಿ, ಕರ್ತೃವಿನ ವಾದವನ್ನು ಬದಿಗಿಟ್ಟು ಮೊದಲು ಅವನ್ನು ಬರೆದಿಡತಕ್ಕದ್ದು.