ಬಾಹುಕನಿಗೆ ಬಾಯಿದೆ

ಯಕ್ಷಗಾನದ ಹಾಸ್ಯಗಾರನ ಪಾಲಿಗೆ ಬರುವ ಪಾತ್ರಗಳಲ್ಲಿ ಬಾಹುಕನಷ್ಟು ಕಷ್ಟದ್ದು ಇನ್ನೊಂದಿಲ್ಲ. ಕಾರ್ಕೋಟಕ ಕಚ್ಚಿದ ಮೇಲೆ ನಳ ಮಹಾರಾಜ ಮೋಟುಗೈಯ ಕುರೂಪಿಯಾಗಿ, ಬಾಹುಕನೆಂಬ ಹೆಸರಿನಲ್ಲಿ ಅಯೋಧ್ಯೆಯ ಋತುಪರ್ಣನ ಲಾಯ ಸೇರಿದ್ದಾನೆ. ವಿಕಾರವಾದ ಮೈಯನ್ನು ಕಂಡು ಜನ ನಗುವ ದೃಶ್ಯ ಇದು, ಇಂದಿನ ಕಾಲಕ್ಕೆ ಸಲ್ಲದು ಎಂದು ಹೇಳಿಬಿಡುವುದು ಸುಲಭ. ರಂಗಸ್ಥಳದ ಎದುರು ಕುಳಿತು ನೋಡಿದವರು ಹಾಗೆ ಹೇಳಲಾರರು.

ದಮಯಂತಿಗೆ ಮತ್ತೆ ಸ್ವಯಂವರವಂತೆ ಎಂಬ ಸುದ್ದಿ ಬಂದಿದೆ. ಒಂದೇ ದಿನದಲ್ಲಿ ವಿದರ್ಭ ಮುಟ್ಟಬೇಕೆಂದು ಋತುಪರ್ಣ ತುದಿಗಾಲಲ್ಲಿ ನಿಂತಿದ್ದಾನೆ. ರಥ ಹೂಡಬೇಕಾದವನು ಆ ದಮಯಂತಿಯ ಗಂಡನೇ. ಅದು ನಮಗೆ ಗೊತ್ತು, ರಾಜನಿಗೆ ಗೊತ್ತಿಲ್ಲ. ಬಾಹುಕ ಬಡಕಲು ಕುದುರೆಗಳನ್ನು ಆರಿಸುತ್ತಾನೆ, ರಾಜ ಗಾಬರಿಯಾಗುತ್ತಾನೆ. ದಾರಿಯಲ್ಲಿ ಉತ್ತರೀಯ ಜಾರಿತು, ನಿಲ್ಲಿಸು ಎಂದರೆ, ಅದು ಯೋಜನದಷ್ಟು ಹಿಂದೆ ಉಳಿಯಿತು ಎಂಬ ಉತ್ತರ. ತಾರೆ ಮರದ ಎಲೆ, ಕಾಯಿಗಳನ್ನು ನೋಟದಲ್ಲೇ ಎಣಿಸಬಲ್ಲೆ ಎಂದು ರಾಜ ಜಂಭ ಕೊಚ್ಚಿದರೆ, ಬಾಹುಕ ರಥ ನಿಲ್ಲಿಸಿ ಎಣಿಸಿಯೇ ನೋಡುತ್ತೇನೆಂದು ಇಳಿಯುತ್ತಾನೆ. ಇಷ್ಟೂ ಮಹಾಭಾರತದ ನಳೋಪಾಖ್ಯಾನದಲ್ಲಿಯೇ ಇದೆ. ಹಾಸ್ಯಗಾರ ಅದಕ್ಕೆ ಮಾತು ಬೆಳೆಸುತ್ತಾನೆ: ಒಡೆಯರಿಗೆ ಈಗ ಯಾಕೆ ಇನ್ನೊಂದು ಮದುವೆ, ಹೋದರೆ ಅವಳು ಒಪ್ಪಿಯಾಳೇ, ಇಷ್ಟು ಅವಸರ ಏತಕ್ಕೆ? ಒಂದೊಂದು ಪ್ರಶ್ನೆಗೂ ಜನ ನಗುತ್ತಾರೆ, ಒಂದೊಂದರ ಅಡಿಯಲ್ಲೂ ಹೆಂಡತಿಯನ್ನು ಕಾಡಿನಲ್ಲಿ ಬಿಟ್ಟುಬಂದವನ ಸಂಕಟ ಇದೆ. ಮೈ ಕುಬ್ಜವಾದರೂ ಈ ಮನುಷ್ಯನ ನಾಲಗೆ ರಾಜನಿಗಿಂತ ಚುರುಕು. ನಗು ಋತುಪರ್ಣನ ಆಸೆಗೆ ತಗಲುತ್ತದೆ, ಬಾಹುಕನ ಬೆನ್ನಿಗಲ್ಲ.

ಇದೇ ಪಾತ್ರವನ್ನು ಕೆಡಿಸುವವರೂ ಇದ್ದಾರೆ. ಮಾತಿಗೆ ಬೇಕಾದ ಓದು, ಪ್ರತ್ಯುತ್ಪನ್ನಮತಿ ಎರಡೂ ಸಾಲದೆ ಹೋದಾಗ ಬೆನ್ನು ಇನ್ನಷ್ಟು ಬಾಗುತ್ತದೆ, ಬಾಯಿ ಸೊಟ್ಟಗಾಗುತ್ತದೆ, ತೊದಲು ಶುರುವಾಗುತ್ತದೆ. ಆಗಲೂ ಜನ ನಗುತ್ತಾರೆ. ಸಭೆಯಲ್ಲಿ ಕುಳಿತ ಗೂನುಬೆನ್ನಿನವನೊಬ್ಬ ಆ ಹೊತ್ತಿಗೆ ತಲೆ ತಗ್ಗಿಸುತ್ತಾನೆ. ಪ್ರಸಂಗ ಅದೇ, ಪಾತ್ರ ಅದೇ. ಗೆರೆ ದಾಟಿದ್ದು ಮಾತ್ರ ನಿಜ. ನನ್ನ ಮಟ್ಟಿಗೆ ಗೆರೆ ಇರುವುದು ಇಲ್ಲಿ: ಯಾರನ್ನು ಕುರಿತು ನಗುತ್ತೇವೋ ಅವರಿಗೆ ಆ ಆಟದೊಳಗೆ ಮಾತಾಡುವ ಬಾಯಿ ಇದೆಯೇ?

ಬಪ್ಪನಾಡು ಕ್ಷೇತ್ರದ ಕಥೆಯ ಮುಸ್ಲಿಂ ವ್ಯಾಪಾರಿ ಬಪ್ಪಬ್ಯಾರಿಗೆ ಅದು ಇದೆ. ರಂಗದಲ್ಲಿ ಅವನ ಮಾತಿನ ಧಾಟಿಗೆ ಜನ ನಗುತ್ತಾರೆ ನಿಜ, ಆದರೆ ದೋಣಿ ಸಿಕ್ಕಿಬಿದ್ದು ಕಂಗಾಲಾಗುವವನೂ ಕನಸಿನಲ್ಲಿ ಕಂಡ ದುರ್ಗೆಗೆ ಗುಡಿ ಕಟ್ಟಿಸುವವನೂ ಅವನೇ. ಆ ಕಥೆ ನಡೆಯುವುದೇ ಅವನಿಂದ.

ಯಕ್ಷಗಾನದ ಇದೇ ಕರಾವಳಿಯ ಬೀದಿಗಳಲ್ಲಿ ಅಷ್ಟಮಿ, ನವರಾತ್ರಿಗೆ ಬಹುಕಾಲ ಬಂದ ಕೊರಗವೇಷವನ್ನು ಇದರ ಪಕ್ಕ ಇಡಿ. ಮೈಗೆಲ್ಲ ಮಸಿ, ತಲೆಗೆ ಹಾಳೆಯ ಮುಟ್ಟಾಳೆ, ಅರ್ಥವಿಲ್ಲದ ಕೂಗು, ಒಂದಷ್ಟು ಕುಣಿತ. ತಮ್ಮದೇ ಭಾಷೆಯುಳ್ಳ, ಬುಟ್ಟಿ ಹೆಣೆಯುವ, ಡೋಲು ಬಾರಿಸುವ ಕೊರಗ ಸಮುದಾಯದಿಂದ ಈ ವೇಷ ತೆಗೆದುಕೊಂಡದ್ದು ಬಣ್ಣ ಮತ್ತು ಬಡತನ ಎರಡನ್ನೇ. ವೇಷಧಾರಿ ಕೊರಗನಲ್ಲ, ಅವನ ಬಾಯಿಂದ ಬರುವುದು ಕೊರಗ ಭಾಷೆಯೂ ಅಲ್ಲ. ಈ ನಗುವಿಗೆ ಹಿಂದಿನ ಚರಿತ್ರೆಯೂ ಇದೆ. ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುವುದು, ಕಂಬಳಕ್ಕೆ ಮುನ್ನ ಅವರನ್ನು ಕೋಣಗಳಂತೆ ಗದ್ದೆಯಲ್ಲಿ ಓಡಿಸುವುದು ಅಜಲು ಪದ್ಧತಿಯ ಭಾಗವಾಗಿದ್ದವು. ಅದನ್ನು ನಿಷೇಧಿಸಲು 2000ರಲ್ಲಿ ರಾಜ್ಯ ಪ್ರತ್ಯೇಕ ಕಾಯ್ದೆಯನ್ನೇ ತರಬೇಕಾಯಿತು. ಗದ್ದೆಯ ಬದುವಿನಲ್ಲಿ ನಿಂತು ನೋಡಿದವರಿಗೆ ಅದೂ ತಮಾಷೆಯೇ ಆಗಿತ್ತು. ಈ ವೇಷ ಬೇಡವೆಂದು ಕೊರಗರೇ ದನಿಯೆತ್ತಿದಾಗ, ವರ್ಷಕ್ಕೊಮ್ಮೆಯ ತಮಾಷೆಗೆ ಇಷ್ಟು ಯಾಕೆ ಎಂದು ಕೇಳುವುದು ನನಗೆ ಕ್ರೌರ್ಯವಾಗಿಯೇ ಕಾಣುತ್ತದೆ.

ಹಾಗೆಂದು ನೋವಾಯಿತು ಎಂದವರೆಲ್ಲರ ಮುಂದೆ ಹಾಸ್ಯ ಬಾಯಿ ಮುಚ್ಚಬೇಕಿಲ್ಲ. ದಕ್ಷಿಣೆಗೆ ಕೈಚಾಚುವ ಪುರೋಹಿತನನ್ನೂ ದರ್ಪದ ಧಣಿಯನ್ನೂ ಹಾಸ್ಯಗಾರ ಗೇಲಿ ಮಾಡಿದ್ದಾನೆ, ಮಾಡಲಿ. ಅವರಿಗೆ ಉತ್ತರ ಕೊಡಲು ವೇದಿಕೆ, ಹಣ, ಬಲ ಎಲ್ಲ ಇವೆ. ಯಾರ ನೋವಿಗೆ ಊರು ಸಿಟ್ಟಾಗುತ್ತದೆ ಎಂಬುದನ್ನೂ ನೋಡಬೇಕು. 2022ರ ಜನವರಿಯಲ್ಲಿ ವಿಟ್ಲದ ಸಮೀಪ ಮದುಮಗನೊಬ್ಬ ಕೊರಗರ ಕುಲದ ದೈವ ಕೊರಗಜ್ಜನನ್ನು ಹೋಲುವ ವೇಷದಲ್ಲಿ ಬಂದಾಗ ಜಿಲ್ಲೆಯೇ ಕೆರಳಿತು, ಪೊಲೀಸ್ ಕೇಸು ಆಯಿತು. ತಪ್ಪು ತಪ್ಪೇ. ಆದರೆ ಆ ಸಿಟ್ಟಿನ ಕಾಲು ಭಾಗವಾದರೂ ಜೀವಂತ ಕೊರಗರ ವೇಷ ಕಟ್ಟಿ ಕುಣಿದಾಗ ಬಂದಿತ್ತೇ? ದೈವದ ಮಾನಕ್ಕೆ ಇಷ್ಟು ಜನ ನಿಂತರು, ಆ ದೈವದ ಕುಲದವರ ಮಾನಕ್ಕೆ ಅವರೇ ಒಂಟಿಯಾಗಿ ಹೋರಾಡಬೇಕಾಯಿತು.

ಶಾಲೆಯ ಛದ್ಮವೇಷ ಸ್ಪರ್ಧೆಗಳಲ್ಲಿ ಮಕ್ಕಳ ಮುಖಕ್ಕೆ ಮಸಿ ಬಳಿದು ಸೊಪ್ಪು ಕಟ್ಟಿ, ಆದಿವಾಸಿ ಎಂದು ವೇದಿಕೆ ಹತ್ತಿಸುವುದು ಇನ್ನೂ ನಿಂತಿಲ್ಲ. ಬಹುಮಾನ ಕೊಡುವ ಮುನ್ನ ತೀರ್ಪುಗಾರರು ಆ ಮಗುವಿಗೆ, ನೀನು ಯಾರು, ಏನು ಕೆಲಸ ಮಾಡುತ್ತೀ, ಯಾವ ಭಾಷೆ ಆಡುತ್ತೀ ಎಂದು ಕೇಳಲಿ. ಉತ್ತರ ಬಾರದಿದ್ದರೆ ವೇಷ ಕಟ್ಟಿಸಿದ ದೊಡ್ಡವರನ್ನು ಕರೆದು ಅದೇ ಪ್ರಶ್ನೆ ಕೇಳಲಿ.