ಹಿಂದಕ್ಕೆ ಓಡಿದ ಯೆಜ್ಡಿ

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಗದ್ದೆಗಳಿಗೆ ಹರಿದು ಬಂದಂದಿನಿಂದ ಸಿಂಧನೂರಿನಲ್ಲಿ ಯಂತ್ರವೆಂದರೆ ಟ್ರ್ಯಾಕ್ಟರ್ ಎಂಬ ಅರ್ಥವೇ ರೂಢವಾಗಿರುವುದರಿಂದ, ಉಳುವುದಕ್ಕೂ ಹೇರುವುದಕ್ಕೂ ಒದಗದೆ ಕೇವಲ ಓಡುವ ಸುಖಕ್ಕಾಗಿ ಓಡುವ ವಾಹನವೊಂದನ್ನು ಮನೆಯಲ್ಲಿ ಕಟ್ಟಿಕೊಂಡವನನ್ನು ಊರವರು ಸಂದೇಹದಿಂದ ನೋಡುವುದು ಸಹಜವೇ. ಇಬ್ಬರೇ ಕೂರಬಲ್ಲ ಸ್ಪೋರ್ಟ್ಸ್ ಕಾರಿನ ವ್ಯಾಮೋಹ ಒಂದು ಕಾಲದಲ್ಲಿ ನನಗೂ ಇದ್ದಿತು. 1998ರಲ್ಲಿ ಗೋವೆಯಿಂದ ಹೊರಬಂದ ಸ್ಯಾನ್ ಸ್ಟಾರ್ಮ್ ಎಂಬ, ಫೈಬರ್ ಮೈಯ, ತೆರೆದ ನೆತ್ತಿಯ ಪುಟ್ಟ ಕಾರಿನ ಚಿತ್ರವನ್ನು ಪತ್ರಿಕೆಯಿಂದ ಕತ್ತರಿಸಿ ಟ್ರಂಕಿನಲ್ಲಿ ಇಟ್ಟುಕೊಂಡಿದ್ದೆನು. ಆದರೆ ಸುಗ್ಗಿಯ ದಿನಗಳಲ್ಲಿ ಡಾಂಬರು ರಸ್ತೆಯ ಮೇಲೆಯೇ ತೆನೆಗಳನ್ನು ಹರವಿ, ಹೋಗಿಬರುವ ಲಾರಿಗಳ ಗಾಲಿಗಳಿಂದಲೇ ಒಕ್ಕಣೆ ಮಾಡಿಸಿಕೊಳ್ಳುವ ನಮ್ಮ ಸೀಮೆಯಲ್ಲಿ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಸಾಗುವ ಆ ಕಾರು ಮೊದಲನೆಯ ರಾಶಿಯಲ್ಲಿಯೇ ಸಮಾಧಿಸ್ಥವಾಗುತ್ತಿತ್ತೆಂಬುದರಲ್ಲಿ ಸಂಶಯವಿಲ್ಲ. ಚಿತ್ರ ಟ್ರಂಕಿನಲ್ಲಿಯೇ ಉಳಿಯಿತು. ನನ್ನ ಪಾಲಿಗೆ ಒದಗಿದ ಸ್ಪೋರ್ಟ್ಸ್ ಕಾರಿಗೆ ಎರಡೇ ಗಾಲಿ. ಅದು ಮೈಸೂರಿನ ಯಾದವಗಿರಿಯಲ್ಲಿ ಹುಟ್ಟಿದ ಯೆಜ್ಡಿ ರೋಡ್‌ಕಿಂಗ್.

ಇದರ ಕುಲಗೋತ್ರವನ್ನು ಹೇಳದೆ ಮುಂದೆ ಸಾಗುವುದು ಅನುಚಿತ. ಫ್ರಾಂಟಿಶೆಕ್ ಯಾನೆಚೆಕ್ ಎಂಬ ಚೆಕ್ ಉದ್ಯಮಿಯು 1929ರಲ್ಲಿ ವಾಂಡರರ್ ಎಂಬ ಜರ್ಮನ್ ಮೋಟಾರ್‌ಸೈಕಲ್ಲಿನ ಹಕ್ಕನ್ನು ಕೊಂಡು, ತನ್ನ ಹೆಸರಿನ ಆದಿಯನ್ನೂ ಅದರ ಹೆಸರಿನ ಆದಿಯನ್ನೂ ಹೊಸೆದು ‘ಜಾವಾ’ ಎಂದು ಕರೆದನು. ಆ ಜಾವಾವನ್ನು ಮೈಸೂರಿಗೆ ತಂದು 1961ರಲ್ಲಿ ಇಲ್ಲಿಯೇ ತಯಾರಿಸತೊಡಗಿದ ಐಡಿಯಲ್ ಜಾವಾ ಸಂಸ್ಥೆಯ ಇರಾನಿ ಮನೆತನದವರು, ಮುಂದೆ ಹೆಸರನ್ನು ಬದಲಿಸಬೇಕಾಗಿ ಬಂದಾಗ ಇರಾನ್ ದೇಶದ ಯಜ್ದ್ ನಗರವನ್ನು ನೆನೆದು ‘ಯೆಜ್ಡಿ’ ಎಂದರು. 250 ಸಿಸಿಯ ರೋಡ್‌ಕಿಂಗ್ ಬಂದದ್ದು 1978ರಲ್ಲಿ; ಕಾರ್ಖಾನೆಗೆ ಬೀಗ ಬಿದ್ದದ್ದು 1996ರಲ್ಲಿ. ಹೀಗೆ ಬೊಹೀಮಿಯಾದ ದೇಹ, ಪಾರಸಿಗಳ ಹೆಸರು, ಮೈಸೂರಿನ ನೀರು ಮೂರೂ ಕೂಡಿದ ಈ ಜೀವಕ್ಕೆ ಸಿಂಧನೂರಿನ ಧೂಳು ಮಾತ್ರ ನನ್ನ ಕಾಣಿಕೆ.

ಭಾನುವಾರ ಬೆಳಗಿನ ಜಾವ ನಾವು ನಾಲ್ಕೈದು ಮಂದಿ, ಅಧ್ಯಕ್ಷನಿಲ್ಲದ, ರಸೀದಿ ಪುಸ್ತಕವಿಲ್ಲದ, ಠರಾವುಗಳ ಕಾಟವಿಲ್ಲದ ನಮ್ಮ ಸಂಘದ ಸದಸ್ಯರು, ಜೇವರ್ಗಿಯಿಂದ ಚಾಮರಾಜನಗರದವರೆಗೆ ಸಾಗುವ 150ಎ ಹೆದ್ದಾರಿಯನ್ನು ಹಿಡಿದು ಮಸ್ಕಿಯ ಮೇಲೆ ಲಿಂಗಸುಗೂರಿಗೆ ಹೋಗಿಬರುವುದುಂಟು. ಭತ್ತದ ಹಸಿರು ಕ್ರಮೇಣ ತೆಳುವಾಗಿ, ಎರೆಯ ಹೊಲಗಳ ನಡುವೆ ಬಂಡೆಗುಡ್ಡಗಳು ತಲೆಯೆತ್ತುವ ಹೊತ್ತಿಗೆ ಎಂಜಿನ್ ಕಾದು, ಜೋಡಿ ಸೈಲೆನ್ಸರುಗಳ ನಾದ ಹದಕ್ಕೆ ಬಂದಿರುತ್ತದೆ. ಟೂ-ಸ್ಟ್ರೋಕ್ ಎಂಜಿನ್ನಿನ ಈ ನಾದವನ್ನು ಬಲ್ಲವನು ಕಣ್ಣು ಮುಚ್ಚಿಯೇ ಪೆಟ್ರೋಲಿಗೆ ಬೆರೆಸಿದ ಎಣ್ಣೆ ಹೆಚ್ಚೋ ಕಡಿಮೆಯೋ ಹೇಳಬಲ್ಲನು. ಕಿಕ್ ಹೊಡೆಯುವ ಸನ್ನೆಯೇ ಮಡಿಚಿದೊಡನೆ ಗೇರಿನ ಸನ್ನೆಯಾಗುವ ಚಮತ್ಕಾರವನ್ನು, ಕ್ಲಚ್ ಹಿಡಿಯದೆಯೇ ಗೇರು ಬದಲಿಸಬಹುದಾದ ಸೌಲಭ್ಯವನ್ನು, ಇಂದಿನ ತರುಣರಿಗೆ ಎಷ್ಟು ವಿವರಿಸಿದರೂ ನಂಬುವುದಿಲ್ಲ.

ಮಸ್ಕಿಯಲ್ಲಿ ಒಮ್ಮೆ ಆದ ಅಪಮಾನವನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಒಗ್ಗರಣೆ ಮಂಡಕ್ಕಿ, ಮಿರ್ಚಿ ಮುಗಿಸಿ, ಗರ್ವದಿಂದ ಅರೆಮನಸ್ಸಿನ ಒಂದು ಕಿಕ್ ಹೊಡೆದು, ಮೊದಲನೆಯ ಗೇರಿಗೆ ಹಾಕಿ ಕ್ಲಚ್ ಬಿಟ್ಟೆನು. ಗಾಡಿ ಗಂಭೀರವಾಗಿ ಹಿಂದಕ್ಕೆ ನಡೆದು ಉಳ್ಳಾಗಡ್ಡಿಯ ತಳ್ಳುಗಾಡಿಗೆ ಬೆನ್ನು ಕೊಟ್ಟಿತು. “ಯಜಮಾನ್ರ, ನಿಮ್ಮ ಗಾಡಿ ಮನಿ ಕಡೆ ಮುಖಾನೇ ಮಾಡವಲ್ದಲ್ರೀ!” ಎಂದು ತಳ್ಳುಗಾಡಿಯವಳು ನಕ್ಕಳು. ಟೂ-ಸ್ಟ್ರೋಕ್ ಎಂಜಿನ್ನಿಗೆ ದಿಕ್ಕಿನ ನಿಷ್ಠೆ ಇಲ್ಲ. ಕಿಕ್ ದುರ್ಬಲವಾಗಿ ಪಿಸ್ಟನ್ ಮೇಲಿನ ತುದಿಯನ್ನು ದಾಟುವ ಮುನ್ನವೇ ಕಿಡಿ ಹಾರಿತೆಂದರೆ ಅದು ವಿರುದ್ಧ ದಿಕ್ಕಿನಲ್ಲಿಯೂ ಅಷ್ಟೇ ಸಂತೋಷದಿಂದ ತಿರುಗುತ್ತದೆ. ಕಿಡಿಯ ವೇಳೆಯನ್ನು ನಿರ್ಧರಿಸುವ ಪಾಯಿಂಟ್ಸ್ ಸವೆದು ಅಂತರ ತಪ್ಪಿದ್ದುದನ್ನು ವಾರಗಟ್ಟಲೆ ಕಡೆಗಣಿಸಿದ ಅಪರಾಧ ನನ್ನದೇ. ಪಕ್ಕದ ಮೆಕ್ಯಾನಿಕ್ ಮುದುಕನೊಬ್ಬ ಬೆಂಕಿಪೆಟ್ಟಿಗೆಯ ರಟ್ಟನ್ನೇ ಮಾಪಕವಾಗಿಸಿ ಅದನ್ನು ಸರಿಪಡಿಸಿದನು. ಹಣ ತೆಗೆದುಕೊಳ್ಳಲಿಲ್ಲ, ಒಂದು ಸುತ್ತು ಓಡಿಸಲು ಗಾಡಿಯನ್ನು ಕೇಳಿದನು. ಸಂಘದ ಸದಸ್ಯತ್ವಕ್ಕೆ ಇದಕ್ಕಿಂತ ಯೋಗ್ಯವಾದ ಅರ್ಜಿಯನ್ನು ನಾನು ಕಂಡಿಲ್ಲ.

ಅವನು ಸುತ್ತಿ ಬರುವಷ್ಟರಲ್ಲಿ ನಾವು ಅಶೋಕನ ಶಾಸನವಿರುವ ಬಂಡೆಯವರೆಗೆ ಹೋಗಿಬಂದೆವು. 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಇದನ್ನು ಗುರುತಿಸುವವರೆಗೆ, ಶಿಲಾಶಾಸನಗಳ ದೇವಾನಾಂಪ್ರಿಯನು ಯಾರೆಂಬುದಕ್ಕೆ ಶಿಲೆಯ ಮೇಲೆಯೇ ಬರೆದ ಉತ್ತರ ದೊರೆತಿರಲಿಲ್ಲ. ‘ಅಶೋಕ’ ಎಂಬ ಹೆಸರು ಸಿಕ್ಕಿದ್ದು ಇಲ್ಲಿ. ನನ್ನ ಗಾಡಿಯ ಟ್ಯಾಂಕಿನ ಮೇಲಿನ ಲಾಂಛನವನ್ನು ಹಿಂದಿನ ಒಡೆಯನು ಬಣ್ಣ ಬಳಿದು ಮುಚ್ಚಿದ್ದನಾಗಿ, ಅದನ್ನು ಕೆರೆದು ಹೆಸರು ಕಂಡ ದಿನ ನನಗೂ ಬೀಡನ್ನನ ಸಂತೋಷದ ಒಂದು ತೃಣಾಂಶ ದೊರೆತಿತ್ತೆಂದರೆ ಓದುಗರು ಕ್ಷಮಿಸಬೇಕು.

ದೊಡ್ಡ ಊರುಗಳ ಸಂಘಗಳನ್ನು ನಾನು ಹಳಿಯುವವನಲ್ಲ. ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ-ಯೆಜ್ಡಿ ದಿನವೆಂದು ಬೆಂಗಳೂರು, ಮೈಸೂರುಗಳಲ್ಲಿ ನೆರೆಯುವ ಜನರನ್ನೂ, ಕನ್ನಡಿಯಂತೆ ಹೊಳೆಯುವ ಗಾಡಿಗಳನ್ನೂ ನೋಡಿ ಬಂದಿದ್ದೇನೆ. ಆದರೆ ಅಲ್ಲಿ ಒಂದು ಸಾಲಿನ ಗಾಡಿಗಳು ಟೆಂಪೋ ಏರಿ ಬಂದು ಟೆಂಪೋ ಏರಿಯೇ ಹೋದುದನ್ನು ಕಂಡು ಮನಸ್ಸು ಕುಗ್ಗಿತು. ಓಡಿಸಿದರೆ ಬಣ್ಣ ಕೆಡುವುದೆಂದು ಅಂಜುವವನು ಒಡೆಯನಲ್ಲ, ಕಾವಲುಗಾರ. 2022ರಲ್ಲಿ ಯೆಜ್ಡಿ ಎಂಬ ಹೆಸರು ಫೋರ್-ಸ್ಟ್ರೋಕ್ ಎಂಜಿನ್ನಿನೊಡನೆ ಮತ್ತೆ ಪೇಟೆಗೆ ಬಂದಿದೆ. ಒಳ್ಳೆಯ ಗಾಡಿಯೇ ಇರಬಹುದು. ಅದು ಹಿಂದಕ್ಕೆ ಓಡಲಾರದು.

ನಮ್ಮ ಮೂರು ತಾಲ್ಲೂಕುಗಳ ದನದ ಕೊಟ್ಟಿಗೆಗಳಲ್ಲಿ, ಮೇವಿನ ಬಣವೆಗಳ ಮರೆಯಲ್ಲಿ, ಅಪ್ಪನ ಕಾಲದ ಯೆಜ್ಡಿಗಳು ಇನ್ನೂ ಉಳಿದಿವೆಯೆಂದು ಬಲ್ಲೆನು. ಗುಜರಿಯವನ ತಕ್ಕಡಿಗೆ ಏರಿಸುವ ಮುನ್ನ ಒಂದು ಮಾತು: ಟ್ಯಾಂಕನ್ನು ತೊಳೆಯಿರಿ, ಪಾಯಿಂಟ್ಸ್ ಉಜ್ಜಿರಿ, ಸೈಲೆನ್ಸರುಗಳನ್ನು ಬಿಚ್ಚಿ ಇಲಿ ಗೂಡು ಕಟ್ಟಿದೆಯೇ ನೋಡಿರಿ, ಆಮೇಲೆ ಮನಸ್ಸಿಟ್ಟು ಒಂದು ಕಿಕ್ ಹೊಡೆಯಿರಿ. ಹಿಂದೆ ಮಾತ್ರ ಯಾರೂ ನಿಂತಿರಕೂಡದು.