ಒಂದೆಕರೆ ಹೊಲ, ಎರಡು ಉತ್ತರ

ಎಕರೆಗೆ 40 ಗುಂಟೆ, ಗುಂಟೆಯೆಂದರೆ 33 ಅಡಿಯ ಚೌಕ ಎಂದು ಯಾದಗಿರಿ ಜಿಲ್ಲೆಯ ಕಡೇಚೂರಿನ ಒಕ್ಕಲಿಗೆ ಯಾರೂ ಕಲಿಸಬೇಕಿಲ್ಲ. ಕಡೇಚೂರು–ಬಾಡಿಯಾಳ ಕೈಗಾರಿಕಾ ಪ್ರದೇಶಕ್ಕೆ ಮೂರು ಸಾವಿರಕ್ಕೂ ಹೆಚ್ಚು ಎಕರೆ ಹೋದ ಮೇಲಂತೂ ನೆಲದ ಲೆಕ್ಕ ದಿನದ ಮಾತು. ಅಂಥ ಮನೆಗಳ ಮಕ್ಕಳೂ ಹತ್ತನೇ ತರಗತಿಯ ‘ವರ್ಗ ಸಮೀಕರಣಗಳು’ ಪಾಠದಲ್ಲಿ ಹೇಳಿಕೆ ಲೆಕ್ಕ ಬಂದರೆ ಅಂಜುತ್ತಾರೆ. ಅಂಕಕ್ಕಾಗಿ ಬಿಡಿಸುವ ಗಡಿಬಿಡಿಯಲ್ಲಿ ಅದರ ಸೊಗಸು ಕಾಣದೇ ಹೋಗುತ್ತದೆ ಎಂಬುದೇ ನನ್ನ ಸಂಕಟ. ಈಗ ಪರೀಕ್ಷೆಯಿಲ್ಲದೆ, ನಿಧಾನವಾಗಿ ಒಂದು ಲೆಕ್ಕ ನೋಡೋಣ.

ಆಯತಾಕಾರದ ಹೊಲ, ಸರಿಯಾಗಿ ಒಂದೆಕರೆ. ಉದ್ದ ಅಗಲಕ್ಕಿಂತ 3 ಸರಪಳಿ ಹೆಚ್ಚು. ಸರಪಳಿಗೆ 33 ಅಡಿ. ಹಾಗಾದರೆ ಉದ್ದವೆಷ್ಟು, ಅಗಲವೆಷ್ಟು?

ಕೂಡಲೇ ಸೂತ್ರಕ್ಕೆ ಕೈ ಹಾಕಬೇಡಿ. ಹೊಲವನ್ನು ಕಣ್ಣಮುಂದೆ ತಂದುಕೊಂಡು ಬೆಳೆಸುತ್ತ ಹೋಗಿ. ಅಗಲ ಒಂದು ಸರಪಳಿಯಾದರೆ ಉದ್ದ ನಾಲ್ಕು, ನೆಲ 4 ಗುಂಟೆ. ಅಗಲ ಎರಡಾದರೆ 10 ಗುಂಟೆ, ಮೂರಾದರೆ 18, ನಾಲ್ಕಾದರೆ 28. ಏರಿಕೆ ಒಂದೇ ಸಮ ಇಲ್ಲ: ಆರು, ಎಂಟು, ಹತ್ತು. ಅಗಲ ಬೆಳೆದಾಗ ಉದ್ದವೂ ಜೊತೆಗೇ ಬೆಳೆಯುವುದರಿಂದ ನೆಲ ಎರಡೂ ಕಡೆಗೆ ಹಿಗ್ಗುತ್ತದೆ. ಸಮೀಕರಣದಲ್ಲಿ ವರ್ಗ ಹುಟ್ಟುವ ಜಾಗ ಇದೇ. ಇದು ಮನಸ್ಸಿಗೆ ಇಳಿದ ಮೇಲೆ ಅಗಲವನ್ನು ಎಕ್ಸ್ ಎಂದು ಕರೆದು, ಎಕ್ಸ್ × (ಎಕ್ಸ್ + 3) = 40 ಎಂದು ಬರೆಯಿರಿ.

ಅಪವರ್ತಿಸಿದರೆ ಎರಡು ಮೂಲಗಳು: 5 ಮತ್ತು −8. ಹೊಲದ ಅಗಲ ಋಣ ಸಂಖ್ಯೆಯಾಗದು ಎಂದು −8ರ ಮೇಲೆ ಗೀಟು ಹಾಕುವುದು ವಾಡಿಕೆ. ರಸಿಕರು ನಿಲ್ಲಬೇಕಾದದ್ದು ಅಲ್ಲೇ. ಅಗಲ 5 ಆದರೆ ಉದ್ದ 8. ಗೀಟು ಬಿದ್ದ ಸಂಖ್ಯೆಯಲ್ಲಿ ಇದ್ದದ್ದು ಉದ್ದವೇ! ಉದ್ದವನ್ನೇ ಎಕ್ಸ್ ಎಂದು ಹಿಡಿದು ಮತ್ತೆ ಬಿಡಿಸಿ: ಮೂಲಗಳು 8 ಮತ್ತು −5.

ಪಠ್ಯಪುಸ್ತಕದ ಪ್ರಾರ್ಥನಾ ಮಂದಿರದ ಲೆಕ್ಕದಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಮಂದಿರದ ವಿಸ್ತೀರ್ಣ 300 ಚದರ ಮೀಟರ್, ಉದ್ದ ಅಗಲದ ಎರಡರಷ್ಟಕ್ಕಿಂತ 1 ಮೀಟರ್ ಹೆಚ್ಚು. ಮೂಲಗಳು 12 ಮತ್ತು −12.5. ಅಗಲ 12, ಉದ್ದ 25 ಎಂದು ಬರೆದು ಎಲ್ಲರೂ ಮುಂದಿನ ಲೆಕ್ಕಕ್ಕೆ ಹೋಗುತ್ತಾರೆ. ಆದರೆ ಅಗಲ 12.5, ಉದ್ದ 24 ಮೀಟರಿನ ಮಂದಿರವೂ 300 ಚದರ ಮೀಟರಿನದೇ. ಅದರ ಉದ್ದ ಅಗಲದ ಎರಡರಷ್ಟಕ್ಕಿಂತ 1 ಮೀಟರ್ ಕಡಿಮೆ. ಹೆಚ್ಚು ಎಂಬಲ್ಲಿ ಕಡಿಮೆ ಎಂದು ಕೇಳಿದ್ದರೆ ಬರುತ್ತಿದ್ದ ಉತ್ತರವನ್ನೂ ಸಮೀಕರಣ ತಾನಾಗಿ ಕೊಟ್ಟಿದೆ. ಕೇಳಿದ್ದಕ್ಕಿಂತ ಹೆಚ್ಚು ಹೇಳುವ ಈ ಗುಣಕ್ಕೇ ನಾನು ಮರುಳಾದದ್ದು.

ಎರಡೂ ಮೂಲಗಳು ಧನವಾಗಿಯೇ ಬರುವ ಲೆಕ್ಕಗಳೂ ಇವೆ. ಭಾಸ್ಕರಾಚಾರ್ಯನ ಬೀಜಗಣಿತದಲ್ಲಿ ಕೋತಿ ಹಿಂಡಿನ ಎಂಟನೇ ಒಂದು ಭಾಗದ ವರ್ಗದಷ್ಟು ಕಾಡಿನಲ್ಲಿ ಆಡುತ್ತಿವೆ, ಉಳಿದ 12 ಬೆಟ್ಟದ ಮೇಲಿವೆ. ಹಿಂಡು 16 ಇರಬಹುದು, 48 ಇರಬಹುದು. ಆತ ಎರಡನ್ನೂ ಒಪ್ಪುತ್ತಾನೆ. ಇನ್ನೊಂದು ಹಿಂಡಿನ ಐದನೇ ಒಂದು ಭಾಗದಲ್ಲಿ ಮೂರು ಕಳೆದು ವರ್ಗ ಮಾಡಿದಷ್ಟು ಕೋತಿಗಳು ಗುಹೆಯಲ್ಲಿವೆ, ಒಂದು ಕೊಂಬೆಯ ಮೇಲಿದೆ. ಇಲ್ಲಿ 50 ಮತ್ತು 5 ಬರುತ್ತವೆ. ಐದರ ಐದನೇ ಭಾಗ ಒಂದೇ. ಅದರಲ್ಲಿ ಮೂರು ಕಳೆಯುವುದು ಹೇಗೆ? ಹಾಗಾಗಿ ಆತ 5ನ್ನು ಕೈಬಿಡುತ್ತಾನೆ. ಸಂಖ್ಯೆ ಧನವಾಗಿದ್ದರೆ ಸಾಲದು, ಕಥೆಗೂ ಒಗ್ಗಬೇಕು.

ಈಗ ಬೇಲಿಗೆ ಬನ್ನಿ. 26 ಸರಪಳಿ ತಂತಿಯಲ್ಲಿ ಒಂದೆಕರೆಯ ಆಯತ ಸುತ್ತಬೇಕು. ಸುತ್ತಳತೆಯ ಅರ್ಧ 13, ಆದ್ದರಿಂದ ಎಕ್ಸ್ × (13 − ಎಕ್ಸ್) = 40. ಮೂಲಗಳು 5 ಮತ್ತು 8, ಅದೇ ಹೊಲದ ಎರಡು ಬದಿಗಳು. ತಂತಿ 24 ಸರಪಳಿ ಮಾತ್ರ ಇದ್ದರೆ? ಅರ್ಧ 12, ಸಮೀಕರಣ ಎಕ್ಸ್ × (12 − ಎಕ್ಸ್) = 40. ಸೂತ್ರದಲ್ಲಿ ವರ್ಗಮೂಲದ ಕೆಳಗೆ ಬರುವ ಶೋಧಕ 144 − 160, ಅಂದರೆ −16. ವರ್ಗಮೂಲದ ಕೆಳಗೆ ಋಣ ಸಂಖ್ಯೆ ಕೂತಿತು. ಅಂಥದಕ್ಕೆ ವರ್ಗಮೂಲವಿಲ್ಲ ಎಂದು ಗಣಿತಸಾರಸಂಗ್ರಹದಲ್ಲಿ ಹೇಳಿದವನು 9ನೇ ಶತಮಾನದ ಮಹಾವೀರಾಚಾರ್ಯ. ಆತ ಗ್ರಂಥದಲ್ಲಿ ಸ್ತುತಿಸಿದ ದೊರೆ ಅಮೋಘವರ್ಷ ನೃಪತುಂಗ. ಆ ದೊರೆಯ ರಾಜಧಾನಿ ಮಾನ್ಯಖೇಟವೇ ಯಾದಗಿರಿಯ ಪಕ್ಕದ ಸೇಡಂ ತಾಲ್ಲೂಕಿನ ಮಳಖೇಡ.

ಶೋಧಕ ಋಣವಾಯಿತೆಂದು ಲೆಕ್ಕ ಮುಚ್ಚಬೇಡಿ. ಆ ತಂತಿಯಲ್ಲಿ ಎಷ್ಟು ನೆಲ ಹಿಡಿಯಬಹುದು ಎಂದು ತಿರುಗಿಸಿ ಕೇಳಿ. ಆಯತಗಳಲ್ಲಿ 6 ಸರಪಳಿಯ ಚೌಕವೇ ಮೇಲು, ಆದರೂ ಅದು 36 ಗುಂಟೆ ಮಾತ್ರ. ತಂತಿಯನ್ನು ದುಂಡಗೆ ಬಳಸಿ ನೋಡಿ: 45 ಗುಂಟೆಗೂ ಹೆಚ್ಚು ಒಳಗೆ ಬರುತ್ತದೆ. ಆಗದು ಎಂದು ಶೋಧಕ ಹೇಳಿದ್ದು ಆಯತಕ್ಕೆ ಮಾತ್ರ.